ಮಾಜಿ ಹವಾಲ್ದಾರನ ಅಂಗಾಲು

ಫೌಜಿನ್ಯಾಗ ದುಡದು ಬಂದ ಮನುಷ್ಯಾಗ ನೆಟ್ಟಗ ಜಡ್ಡ ಬೀಳಾಕೂ ಬರಂಗಿಲ್ಲ ನೋಡ್ರಿ. ನನಗ ನೌಕರ್‍ಯಾಗ ಇದ್ದಾಗನ ಶುಗರ್ ಬಂತು. ರಿಟೈರಾಗಿ ನಮ್ಮೂರು ಸಗರಕ್ಕ ಬಂದ ಮ್ಯಾಲ ಪಾದದ ನರಾನೂ ಹೋದವು, ಮುಟ್ಟಿದ್ರ ಗೊತ್ತಾಗಂಗಿಲ್ಲ. ಎರಡೂ ಸೇರಿ ಅಂಗವೈಕಲ್ಯ ಎಷ್ಟು ಪರ್ಸೆಂಟ್ ಅಂತ ಮಿಲಿಟರಿ ಡಾಕ್ಟರು ಬರದ್ರನ ಅದಕ್ಕ ತಕ್ಕ ಪಿಂಚಣಿ. ಅದರ ಸಲುವಾಗಿ ಆದ ಫಜೀತಿ ಒಂದ, ಎರಡ?

ಒಂಟಿ ಚಪ್ಪಲಿ

ಶಹಾಪುರ ಸಂತ್ಯಾಗ ಬದನಿಕಾಯಿ ತಗೊಂಡು, ಟಂಟಂ ಹತ್ತಿ ಮನಿಗೆ ಬಂದೆ. ಹೆಂಡ್ತಿ ಬಾಗಲದಾಗ ನಿಂತು ನನ್ನ ಕಾಲ ನೋಡಿದ್ಲು.

"ಇನ್ನೊಂದು ಚಪ್ಪಲಿ ಎಲ್ಲೈತ್ರಿ?"

ಎಡಗಾಲು ಬರಿಗಾಲು! ಎಲ್ಲಿ ಕಳಚಿ ಬಿತ್ತೋ ಶಿವನ ಬಲ್ಲ. ಆಕಿ ಕೂಡಿಸಿ ಜಾಲಿಮುಳ್ಳು ತಗದ್ಲು, ಅದೂ ನನಗ ಗೊತ್ತಾಗಲಿಲ್ಲ. ಅವತ್ತಿನಿಂದ ದಿನಾ ನನ್ನ ಅಂಗಾಲು ತಪಾಸಣಿ ಮಾಡ್ತಾಳ. ಕಾಲು ಉಳದದ್ದು ಆಕಿ ಪುಣ್ಯಾದಿಂದ.

"ನಿಮ್ಮ ಸುಬೇದಾರರೂ ನಿಮ್ಮ ಬೂಟು ಇಷ್ಟು ನೋಡಿರಾಕಿಲ್ಲ ಬಿಡ್ರಿ" ಅಂತಾಳ.

ಏಕದಂ ಠೀಕ್

ಮೊದಲನೇ ಮೆಡಿಕಲ್ ಬೋರ್ಡಿನ್ಯಾಗ ಡಾಕ್ಟರು, "ಕಾಲು ಹೆಂಗದಾವ?" ಅಂತ ಕೇಳಿದ್ರು. ನಾ ಎದ್ದು ಹಿಮ್ಮಡ ಜೋಡಿಸಿ, "ಏಕದಂ ಠೀಕ್, ಸಾಬ್!" ಅಂದೆ. ದೊಡ್ಡ ಸಾಹೇಬರು ಕೇಳಿದ್ರ ಫೌಜಿನ್ಯಾಗ ಬ್ಯಾರೆ ಉತ್ತರನ ಇಲ್ಲ. ಅವರು ಅದನ್ನ ಬರಕೊಂಡ್ರು. ಶುಗರಿಗೆ ಪರ್ಸೆಂಟ್ ಸಿಕ್ತು, ನರಕ್ಕ ಸೊನ್ನಿ.

ಯಾದಗಿರಿಯೊಳಗ ಮಾಜಿ ಸೈನಿಕರ ಕಾಗದಪತ್ರ ನೋಡೋ ಒಬ್ರು ಹಿರೇ ಗುಮಾಸ್ತರು ಅದಾರ, ಸುರಪುರದವರು. ಅರ್ಧ ದಿನ ಕುಂತು ನನ್ನ ಅಪೀಲು ಬರದ್ರು, ಚಾನೂ ಅವರ ಕುಡಿಸಿದ್ರು. ಆ ಉಪಕಾರ ಮರಿಯಂಗಿಲ್ಲ. ಕಳಸೂ ಮುಂದ ಅಂದ್ರು, "ಈ ಸಲ ಅಕ್ಕಾರನ್ನ ಕರ್ಕೊಂಡು ಹೋಗ್ರಿ. ನಿಮ್ಮ ಬಾಯಿ ಮ್ಯಾಲ ನನಗ ಭರೋಸಾ ಇಲ್ಲ."

ಕಣ್ಣು ಮುಚ್ಚಿ

ಎರಡನೇ ಬೋರ್ಡು. ಇದು ತಪ್ಪಿತಂದ್ರ ನರದ ಮಾತು ಮುಗದಂಗ. ಡಾಕ್ಟರು ಒಂದು ನೈಲಾನ್ ಎಳಿ ತೋರಿಸಿ, "ಕಣ್ಣು ಮುಚ್ಚ್ರಿ. ಇದು ಪಾದಕ್ಕ ತಾಕಿದಾಗ ಹೌದು ಅನ್ರಿ" ಅಂದ್ರು.

"ಇದ್ದದ್ದು ಇದ್ದಂಗ ಹೇಳ್ರಿ ಮಾರಾಯ್ರ" ಅಂತ ಹಿಂದಿನಿಂದ ಹೆಂಡ್ತಿ.

ಕಣ್ಣೇನೋ ಮುಚ್ಚಿದೆ. ಆದ್ರ ಹವಾಲ್ದಾರ ಪರೀಕ್ಷಾದಾಗ ಫೇಲ್ ಆಗೋದಂದ್ರ ಏನು! ಅಂದಾಜಿನ ಮ್ಯಾಲ ಸುರು ಮಾಡಿದೆ. "ಹೌದು, ಸಾಬ್! ... ಹೌದು, ಸಾಬ್! ... ಈಗ ಹೆಬ್ಬಟ್ಟಿಗೆ, ಸಾಬ್!"

ಹೆಂಡ್ತಿ ಹಣಿ ಬಡಕೊಂಡ ಸಪ್ಪಳ ಕೇಳಿ ಕಣ್ಣು ತಗದೆ. ಡಾಕ್ಟರು ದೂರ ಕಿಟಕಿ ಹತ್ರ ನಿಂತು ಫೋನಿನ್ಯಾಗ ಮಾತಾಡಾಕತ್ತಿದ್ರು.

ಪಾಪ, ದೇವರಂಥ ಮನುಷ್ಯ. ಬೈಯಲಿಲ್ಲ. ತಿರುಗಿ ಬಂದು, ನನ್ನ ಬಾಯಿ ಮುಚ್ಚಿಸಿ, ಎರಡೂ ಪಾದ ಸಾವಕಾಶ ನೋಡಿ ಬರಕೊಂಡ್ರು.

"ಫೇಲ್ ಏನ್ರಿ, ಸಾಬ್?"

ಅವರು ನಕ್ಕೋತ ಕೈ ಕುಲುಕಿದ್ರು. "ಪೂರಾ ಫೇಲ್, ಹವಾಲ್ದಾರ್ ಸಾಬ್. ಮುಬಾರಕ್!"