ಕಿವಿಯಿಂದ ಹೊಗೆ ಬಿಡುವ ಮಾವ

ನಮ್ಮ ಸೋದರಮಾವ ಬೀಡಿ ಸೇದಿದರೆ ಹೊಗೆ ಕಿವಿಯಿಂದ ಬರುತ್ತಿತ್ತು! ನಂಬುವುದಿಲ್ಲವೇ? ನಮ್ಮೂರು ಕಿರಿಮಂಜೇಶ್ವರದಲ್ಲೂ ಮೊದಲು ಯಾರೂ ನಂಬಿರಲಿಲ್ಲ. ಮಾವ ದಮ್ಮೆಳೆದು, ಮೂಗು ಹಿಡಿದು, ಕೆನ್ನೆ ಉಬ್ಬಿಸಿ ಊದುತ್ತಿದ್ದರು. ಬಲಗಿವಿಯಿಂದ ನೂಲಿನೆಳೆಯಂಥ ಹೊಗೆ ಸುಯ್ಯೆಂದು ಹೊರಡುತ್ತಿತ್ತು. ನೋಡಲು ತೆಕ್ಕಟ್ಟೆಯಿಂದಲೂ ನೆಂಟರು ಬಂದರು!

"ಹ್ವಾಯ್, ಒಲಿ ಹತ್ತುದಿಲ್ಲ. ನಿಮ್ಮ ಕೆಮಿ ಚೂರ್ ಇತ್ಲಾಗ್ ತನ್ನಿ, ಊದುಕೆ!" ಎಂದು ಅತ್ತೆ ಮಾವನ ಕಿವಿಯನ್ನೇ ಊದುಗೊಳವೆ ಮಾಡಿ ಅಡುಗೆಮನೆಯಿಂದ ಕೂಗುತ್ತಿದ್ದರು.

ಆಗಷ್ಟೇ ಶಾಲೆಯಲ್ಲಿ ಮಾಷ್ಟ್ರಾಗಿದ್ದ ನನಗೆ ಇದರ ಗುಟ್ಟು ತಿಳಿಯದೆ ಅನ್ನ ಸೇರದಾಯಿತು. ಮಾವನನ್ನೇ ಕೇಳಿದೆ. ಯುದ್ಧದ ಕಾಲದಲ್ಲಿ ಮಾವ ಮುಂಬಯಿ ಬಂದರಿನಲ್ಲಿ ಮುಳುಗಿ, ತಳಕ್ಕೆ ಬಿದ್ದ ಲಂಗರು, ಸರಪಳಿಗಳಿಗೆ ಹಗ್ಗ ಕಟ್ಟುತ್ತಿದ್ದರು. ಒಂದು ದಿನ ಶೀತವಾಗಿ ಮೂಗು ಕಟ್ಟಿತ್ತು. ಅದಕ್ಕೆಲ್ಲ ರಜೆಯೇ? ಮುಳುಗಿದರು. ಆಳದಲ್ಲಿ ಕಿವಿಯೊಳಗೆ 'ಪಟ್' ಎಂದಿತು.

"ಬಾಂಬ್ ಬಿತ್ತ್ ಅಂದ್ಕಂಡೆ ಮಾರಾಯ. ಮೇಲ್ ಬಂದ್ ಕಂಡ್ರೆ ಎಲ್ಲರೂ ಚಾ ಕುಡೀತಿದ್ರ್!"

ನಾನೇ ಅವರನ್ನು ಕುಂದಾಪುರದ ಡಾಕ್ಟರರ ಬಳಿ ಎಳೆದೊಯ್ದೆ. ಕೆಳಗಿಳಿದಷ್ಟೂ ನೀರು ಕಿವಿಯ ಪರದೆಯನ್ನು ಒಳಕ್ಕೆ ಒತ್ತುತ್ತದಂತೆ. ಮೂಗಿನ ಹಿಂದಿನ ಸಣ್ಣ ಕೊಳವೆಯಿಂದ ಗಾಳಿ ಬಂದು ಎದುರೊತ್ತಬೇಕಂತೆ. ಶೀತದಿಂದ ಅದು ಕಟ್ಟಿದ್ದರೆ ಪರದೆ ಹರಿದಂತೆಯೇ! ಬೀಡಿಯ ಹೊಗೆ ಅದೇ ಕೊಳವೆ ಹತ್ತಿ, ಹರಿದ ಪರದೆಯ ತೂತಿನಿಂದ ಹೊರಬರುತ್ತಿತ್ತಂತೆ. "ಇನ್ನು ಮುಳುಗಬೇಡಿ. ತಣ್ಣೀರು ಒಳಗಿಳಿದರೆ ತಲೆ ತಿರುಗಿ, ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ಅಲ್ಲೇ ಉಳಿಯುತ್ತೀರಿ" ಎಂದರು ಡಾಕ್ಟರು.

"ಹಾಂಗಾರೆ ಬೀಡಿಗ್ ಅಡ್ಡಿಲ್ಲ ಅಲ್ದಾ?" ಎಂದರು ಮಾವ!

ಆ ವರ್ಷ ಮಳೆಗಾಲ ಮುಗಿದ ಹೊಸತರಲ್ಲಿ, ಒಂದು ಬೆಳಿಗ್ಗೆ ಮೀನಿಗೆ ಹೊರಟ ದೋಣಿಯೊಂದು ದಡದ ಹತ್ತಿರವೇ ಮಗುಚಿತು. ಮೂವರು ಈಜಿ ಬಂದರು. ನಾಲ್ಕನೆಯವನು ಬಲೆಗೆ ಸಿಕ್ಕಿ ತಳ ಸೇರಿದ್ದ. ಇನ್ನೊಂದು ದೋಣಿಯಲ್ಲಿ ಮಾವ ಹೊರಟರು, ಜೊತೆಗೆ ನಾನೂ. ಅವರು ಕತ್ತಿ ಹಿಡಿದು ಎದ್ದಾಗ ನಾನು ರಟ್ಟೆ ಹಿಡಿದುಕೊಂಡೆ.

"ಮಾವ, ಡಾಕ್ಟ್ರ್ ಎಂತ ಹೇಳೀರ್?"

"ಬಿಡಾ, ಅವ ಕೆಳಗಿದ್ದ!"

ಹಾರಿಯೇಬಿಟ್ಟರು. ಬಲೆ ಕೊಯ್ದು ಅವನನ್ನು ಮೇಲಕ್ಕೆ ನೂಕಿದರು. ಅವನು ತೇಲಿದ, ಉಸಿರೂ ಆಡಿದ. ಮಾವ ಮಾತ್ರ ಬರಲಿಲ್ಲ. ಕೊನೆಗೆ ಎದ್ದರು, ವಾಂತಿ ಮಾಡುತ್ತ, ಎದುರಿಗೇ ಇದ್ದ ದೋಣಿಯ ಅಂಚನ್ನು ಕುರುಡರಂತೆ ತಡವುತ್ತ. ದಿಕ್ಕು ತಪ್ಪಿದಾಗ ಬಾಯಿಂದ ಗುಳ್ಳೆ ಬಿಟ್ಟು, ಅವು ಹೋದತ್ತಲೇ ಹೊರಟರಂತೆ.

ಮೂರು ದಿನ ಅವರಿಗೆ ಮನೆಯೇ ಗಿರಗಿರ ತಿರುಗುತ್ತಿತ್ತು. ಚಾಪೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದ್ದರು. ಅತ್ತೆ ಗಂಡನ ತಲೆಯನ್ನು ತೊಡೆಯ ಮೇಲಿಟ್ಟು, ಎರಡೂ ಅಂಗೈಗಳಿಂದ ಬಿಗಿಯಾಗಿ ಹಿಡಿದು ಕೂತಿದ್ದರು. ನಾನು ಗಂಜಿ ತಂದು, "ಅತ್ತೆ, ಎದ್ದ್ ಚೂರ್ ಉಣ್ಣಿ" ಎಂದೆ.

"ಬ್ಯಾಡ ಮಗಾ," ಎಂದರು ಮೆಲ್ಲಗೆ, "ನಾ ಎದ್ರೆ ಇವ್ರ್ ಮತ್ತೆ ತಿರ್ಗುಕೆ ಶುರು ಮಾಡ್ತ್ರ್."