ಅವ್ವನ ಕಾಲು ನನಗೆ ಬಂತು

ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾ ನಿಂತು ಹತ್ತೊಂಬತ್ತು ವರ್ಷವಾಯಿತು. ನನ್ನ ಕಾಲಿನ ದೆಸೆಯಿಂದ ಏನಾದರೊಂದು ತಮಾಷೆ ಆಗುತ್ತಲೇ ಇರುತ್ತದೆ. ಮೀನಖಂಡದ ತುಂಬ ಉಬ್ಬಿ ಸುತ್ತಿಕೊಂಡ ನೀಲಿ ನರಗಳು. ನಮ್ಮವ್ವನಿಗೂ ಥೇಟ್ ಹೀಗೇ ಇದ್ದವು. ಅವ್ವ ಹೋಗಿ ಎಂಟು ವರ್ಷ. ರಾತ್ರಿ ಕಾಲಿಗೆ ಎಣ್ಣೆ ಹಚ್ಚುವಾಗ ಅವಳ ಕಾಲನ್ನೇ ಒತ್ತುತ್ತಿದ್ದೇನೆ ಅನ್ನಿಸುತ್ತದೆ.

ಸಡಿಲ ಬಾಗಿಲು

ನೋವು ಹೆಚ್ಚಾದಾಗ ಚನ್ನಗಿರಿಯಲ್ಲಿ ಡಾಕ್ಟರಿಗೆ ತೋರಿಸಿದೆ.

"ವೆರಿಕೋಸ್ ಇದು. ಮನೇಲಿ ಯಾರಿಗಾದ್ರೂ ಇತ್ತಾ?"

"ನಮ್ಮವ್ವಂಗಿತ್ತು ಸಾರ್. ಆದ್ರೆ ಅವಳೇನು ನನ್ನಂಗೆ ದಿನಾ ನಿಂತೋಳಲ್ಲ. ಮನೇಲಿ ಕೂತು ಹೂ ಕಟ್ಟೋಳು."

"ಅದಕ್ಕೇ ಕೇಳಿದ್ದು. ನಿಂತೂ ನಿಂತೂ ಜಾಸ್ತಿ ಆಗುತ್ತೆ ನಿಜ, ಆದ್ರೆ ಹೆತ್ತವರಿಗೆ ಇದ್ರೆ ಮಕ್ಕಳಿಗೆ ಬರೋ ಸಂಭವ ಹೆಚ್ಚು. ಎಲ್ಲರಿಗೂ ಬಂದೇ ಬರುತ್ತೆ ಅಂತೇನಿಲ್ಲ. ರಕ್ತನಾಳದೊಳಗೆ ಸಣ್ಣ ಸಣ್ಣ ಬಾಗಿಲು ಇರ್ತವೆ. ರಕ್ತ ಮೇಲೆ ಹೋದ್ಮೇಲೆ ಅವು ಮುಚ್ಕೋಬೇಕು. ನಿಮ್ಮವು ಸಡಿಲ."

"ಬಸ್ಸಿನ ಬಾಗಿಲಾದ್ರೆ ಹಗ್ಗ ಕಟ್ತೀವಿ ಸಾರ್. ಇದಕ್ಕೆ?"

ಬಿಗಿ ಕಾಲುಚೀಲ ಬರೆದುಕೊಟ್ಟರು. ಮೊದಲ ದಿನ ಅದನ್ನು ಎಳೆದೂ ಎಳೆದೂ ಮೊಣಕಾಲಿಗೆ ಏರಿಸುವ ಹೊತ್ತಿಗೆ, ಡ್ರೈವರ್ ನಮ್ಮ ಮನೆ ಮುಂದೆಯೇ ಬಸ್ ತಂದು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದ.

ಅಕ್ಕನ ನೀಲಿ ಗೆರೆ

ನ್ಯಾಮತಿಯಲ್ಲಿರುವ ನಮ್ಮಕ್ಕ ಬಣ್ಣ, ಮೂಗು, ಸಿಟ್ಟು ಎಲ್ಲದರಲ್ಲೂ ಅಪ್ಪನೇ. ಅವ್ವನದು ಅಂತ ಅವಳಿಗೆ ಒಂದೂ ಬರಲಿಲ್ಲ. ಒಂದು ದಿನ ಬೆಳಿಗ್ಗೆ ಫೋನ್ ಮಾಡಿ, "ಲೇ, ನಂಗೂ ಬಂತು ಕಣೇ!" ಅಂದಳು.

ರಜೆ ಹಾಕಿ ಓಡಿದೆ. ಸೀರೆ ಎತ್ತಿ ಮೊಣಕಾಲಿನ ಹಿಂದೆ ತೋರಿಸಿದಳು. ಸೊಟ್ಟಗೆ ಒಂದು ನೀಲಿ ಗೆರೆ. ಮುಟ್ಟಿದೆ. ಉಬ್ಬೇ ಇಲ್ಲ. ಅನುಮಾನ ಬಂದು ಸೆರಗಿನ ತುದಿ ಒದ್ದೆ ಮಾಡಿ ಉಜ್ಜಿದರೆ ನರ ಸೆರಗಿಗೆ ಬಂತು! ಅಕ್ಕ ಮಲಗಿದ್ದಾಗ ಅವಳ ಮೊಮ್ಮಗಳು ಪೆನ್ನಿನಲ್ಲಿ ಗೀಚಿದ್ದಳು.

ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ನಗಲಿಲ್ಲ.

"ಅವ್ವಂದು ಅಂತ ನಂಗೂ ಒಂದು ಐತೆ ಅನ್ಕಂಡಿದ್ದೆ. ನಿಂಗ್ಯಾರು ಒರೆಸಾಕೆ ಹೇಳಿದ್ರು?"

ಆಮೇಲೆ ಒಳಗೆ ತಿರುಗಿ ಮೊಮ್ಮಗಳನ್ನು ಕೂಗಿದಳು: "ಬಾರೇ ಇಲ್ಲಿ, ಪೆನ್ ತಗಂಡು ಬಾ."

ಜಗಳೂರಿನ ಅಜ್ಜಿ

ಹೋದ ಬೇಸಿಗೆಯಲ್ಲಿ ನನ್ನನ್ನು ಹೊನ್ನಾಳಿಯಿಂದ ಜಗಳೂರು ಕಡೆಯ ಬಸ್ಸಿಗೆ ಹಾಕಿದರು. ಸ್ಟ್ಯಾಂಡಿನಲ್ಲಿ ಸೆಕೆ ತಾಳದೆ ಕಾಲುಚೀಲ ಬಿಚ್ಚಿ, ಪ್ಯಾಂಟ್ ಮಡಚಿ, ಕಾಲನ್ನು ಎದುರಿನ ಸೀಟಿನ ಮೇಲೆ ಇಟ್ಟು ಕೂತಿದ್ದೆ. ಒಬ್ಬ ಅಜ್ಜಿ ಹತ್ತಿದಳು. ಆಧಾರ್ ತೋರಿಸಿ ಅಂದರೆ ಕೇಳಿಸಿಕೊಳ್ಳದೆ ಬಗ್ಗಿ ನನ್ನ ಕಾಲನ್ನೇ ನೋಡುತ್ತಾ ನಿಂತಳು.

"ನಮ್ಮ ಸೊಕ್ಕೆ ಊರಿನ ಹುಣಸೆಮರದ ಮನೆ ಹುಡುಗಿ ಮಗಳಲ್ಲೇನೇ ನೀನು?"

ಅದು ನಮ್ಮವ್ವನ ತವರುಮನೆ.

"ಹೆಂಗೆ ಗೊತ್ತಾತು ಅಜ್ಜಿ?"

"ಈ ಕಾಲು ನಿಮ್ಮವ್ವನ ಅವ್ವಂದು ಕಣೇ. ನಿಮ್ಮವ್ವಂಗೂ ಲಗ್ನಕ್ಕೆ ಮೊದ್ಲೇ ಸಣ್ಣಗೆ ಮೂಡಿತ್ತು. ಬಾವಿಕಟ್ಟೆ ಮ್ಯಾಲೆ ನಾನೂ ನಿಮ್ಮವ್ವನೂ ಕಾಲು ಇಳೇಬಿಟ್ಕಂಡು ಕೂತ್ರೆ, 'ನನ್ನ ಮಕ್ಕಳಿಗೆ ಇದೊಂದು ಬರಬಾರ್ದು ನೋಡೇ' ಅಂತ ಹೇಳೋಳು. ಆಮ್ಯಾಲೆ ಅವಳೇ ನಗೋಳು."

ಹುಡುಗಿಯಾಗಿದ್ದ ಅವ್ವನನ್ನು ನಾನು ಫೋಟೋದಲ್ಲೂ ನೋಡಿದವಳಲ್ಲ. ಟಿಕೆಟ್ ಮಷೀನ್ ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟೆ. ಹೊರಡುವ ಟೈಮೂ ಮೀರಿತು.

ಆಗ ಡ್ರೈವರ್ ಎದ್ದು ಬಂದು, ಪ್ಯಾಂಟ್ ಎತ್ತಿ, ಕಾಲು ಮುಂದಿಟ್ಟ. "ಅಜ್ಜಿ, ನಂದೂ ಒಂಚೂರು ನೋಡ್ರಿ. ಯಾರ ಮನೆಯವನು ಹೇಳ್ರಿ."

ಅಜ್ಜಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಯಾರ ಮನೇದೂ ಅಲ್ಲ ಕಣಪ್ಪ. ಹೋಗಿ ಬಸ್ ಬಿಡು."

ಎಲ್ಲರೂ ಗೊಳ್ಳೆಂದರು. ದಾರಿಯುದ್ದಕ್ಕೂ ಅಜ್ಜಿ ಅವ್ವನ ಮಾತೇ ಆಡಿದಳು. ಅವಳೊಬ್ಬಳೇ ಇಳಿಯಬೇಕಿದ್ದ ಹೊಲದ ದಾರಿ ಬಂತು, ಹೋಯಿತು. ನಾನು ಸೀಟಿ ಊದಲಿಲ್ಲ.

"ಅಯ್ಯ, ನಮ್ಮ ಹೊಲ ಹೋತಲ್ಲೇ!"

"ವಾಪಸ್ ಬರುವಾಗ ಇಳಿಸ್ತೀನಿ ಕೂತ್ಕಳ್ರಿ ಅಜ್ಜಿ. ಬಾವಿಕಟ್ಟೆ ಮ್ಯಾಲೆ ಕೂತು ಇನ್ನೇನಂದ್ಲು, ಅದನ್ನ ಹೇಳ್ರಿ."