ಆನ್ ಆನೆಸ್ಟ್ ಬೂಬ

ಇಂಗ್ಲಿಷಿನ ಎಚ್ ಅಕ್ಷರದ ಎದುರು ಎ ಬರಬೇಕೋ ಆನ್ ಬರಬೇಕೋ ಎಂದು ಕೇಳಿ, ಐದನೇ ಕ್ಲಾಸಿನ ಮಾಸ್ಟ್ರು ಬೆರಳ ಗಂಟಿಗೆ ಹೊಡೆದದ್ದನ್ನು ಮೀನಿನ ವ್ಯಾಪಾರಿ ಹಸನಬ್ಬ ಇನ್ನೂ ಕ್ಷಮಿಸಿರಲಿಲ್ಲ. ಆ ಸಿಟ್ಟೆಲ್ಲ ಈಗ, ಊರವರು ಪೊರ್ಬುಗಳೆಂದು ಕರೆಯುವ ಬಂದರಿನ ಟೈಪಿಸ್ಟ್ ಪೌಲನ ಮೇಲೆ ಬಿತ್ತು. ಪಕ್ಕದಲ್ಲಿ ಮೀನು ಹಿಡಿಯುವ ಬೂಬ ಕೈಕಟ್ಟಿ ನಿಂತಿದ್ದ. ಅವನ ದೋಣಿಗೆ ಸರಕಾರದ ಇಂಜಿನ್ ಸಿಗಬೇಕಾದರೆ, ಅವನು ಪ್ರಾಮಾಣಿಕನೆಂದು ಒಬ್ಬ ವರ್ತಕ ಬರೆದುಕೊಡಬೇಕು. ಇವತ್ತೇ ಕೊನೆಯ ದಿನ.

ಹಸನಬ್ಬ: ಎ ಹಾನೆಸ್ಟ್ ಮ್ಯಾನ್. ಟೈಪ್ ಹೊಡೆಯಿರಿ ಪೊರ್ಬುಗಳೇ.

ಪೌಲ್: ಎ ಅಲ್ಲ, ಆನ್. ಅಲ್ಲಿ ಎಚ್ ಬಾಯಿ ಬಿಡುವುದಿಲ್ಲ.

ಹಸನಬ್ಬ: ಬಾಯಿ ಬಿಡದವನನ್ನು ಎದುರಿಗೆ ನಿಲ್ಲಿಸಿದ್ದು ಎಂತಕ್ಕೆ? ಹಾಸ್ಪಿಟಲಿಗೆ ಎಂತ ಹಾಕ್ತೀರಿ?

ಪೌಲ್: ಅದಕ್ಕೆ ಎ.

ಹಸನಬ್ಬ: ಹಾರ್ಸಿಗೆ?

ಪೌಲ್: ಅದಕ್ಕೂ ಎ.

ಹಸನಬ್ಬ: ಆಸ್ಪತ್ರೆಗೆ ಎ, ಕುದುರೆಗೆ ಎ, ಇವನಿಗೆ ಮಾತ್ರ ಆನ್. ಇವನೆಂತ ಕಲೆಕ್ಟರನಾ?

ಬೂಬ: ಎಂತದಾದರೂ ಹಾಕಿ ಸಾಹುಕಾರ್ರೇ. ಐದು ಗಂಟೆಗೆ ಕಚೇರಿ ಮುಚ್ತದೆ.

ಹಸನಬ್ಬ: ತಡಿ ಮಾರಾಯ. ಈ ತಕರಾರೇ ಬೇಡ. ಹಾರ್ಡ್‌ವರ್ಕಿಂಗ್ ಅಂತ ಹಾಕಿ.

ಪೌಲ್: ಕಚೇರಿಯವರು ಕೇಳಿದ್ದು ದುಡಿತಾನಾ ಅಂತ ಅಲ್ಲ, ಪ್ರಾಮಾಣಿಕನಾ ಅಂತ.

ಹಸನಬ್ಬ: ಹಾಗಾದರೆ ಹೆಲ್ದಿ? ಆರೋಗ್ಯ ಗಟ್ಟಿ ಉಂಟು, ಬೇಕಾದರೆ ಮುಟ್ಟಿ ನೋಡಿ.

ಪೌಲ ಯಂತ್ರದಿಂದ ಕೈ ತೆಗೆದು ಕನ್ನಡಕ ಒರೆಸತೊಡಗಿದ. ಬೂಬ ಹಸನಬ್ಬನನ್ನೇ ನೋಡಿದ.

ಬೂಬ: ನಿಮಗೆ ತೊಡಕು ಆ ಸಣ್ಣ ಶಬ್ದದ್ದಾ, ಅದರ ಮುಂದಿನದ್ದಾ?

ಹಸನಬ್ಬ: ಮುಂದಿನದ್ದೇ. ನನ್ನ ಆರಿಫಾಳ ಮದುವೆಗೆ ದೊಡ್ಡ ಅಂಜಲ್ ಮೀನು ತರ್ತೇನೆ ಅಂತ ಮಾತು ಕೊಟ್ಟದ್ದು ಯಾರು? ಮೀನಿನ ವ್ಯಾಪಾರಿಯ ಮನೆಯಲ್ಲಿ ಬೀಗರಿಗೆ ಅಗ್ಗದ ಬಂಗುಡೆ ಬಡಿಸಿದೆ.

ಬೂಬ: ಹೋಟೇಲಿನವರು ಹೆಚ್ಚು ಕೊಟ್ರು. ಮಾರಿದೆ.

ಹಸನಬ್ಬ: ನಾಚಿಕೆ ಇಲ್ಲದೆ ಹೇಳ್ತಾನೆ ನೋಡಿ.

ಬೂಬ: ಅವತ್ತೂ ಹೇಳಿದ್ದೆ. ಬಲೆ ಹರಿಯಿತು ಅಂತ ಹೇಳಬಹುದಿತ್ತು. ಹೇಳಿದೆನಾ?

ಹಸನಬ್ಬನಿಗೆ ಅದು ನೆನಪಿತ್ತು. ಹೌದು, ಮದುವೆಯ ಚಪ್ಪರದಡಿಗೇ ಬಂದು, ಬೀಗರ ಎದುರಿಗೇ, ಮಾರಿದೆ ಎಂದಿದ್ದ ಪಾಪಿ.

ಹಸನಬ್ಬ: ಪೊರ್ಬುಗಳೇ, ಆನ್ ಹೊಡೆಯಿರಿ. ಇವ ಪ್ರಾಮಾಣಿಕ ಹೌದು. ನಂಬಲಿಕ್ಕೆ ಮಾತ್ರ ಆಗುವುದಿಲ್ಲ.

ಪೌಲ್: ಅದನ್ನೂ ಹೊಡೆಯಬೇಕಾ?

ಬೂಬ: ಅದು ಬೇಡ ಪೊರ್ಬುಗಳೇ. ಸಾಹುಕಾರ್ರೇ, ಇಂಜಿನ್ ಬರಲಿ, ಮೊದಲ ಅಂಜಲ್ ನಿಮ್ಮ ಮನೆಗೆ.

ಹಸನಬ್ಬ ಕಾಗದ ಹರಿಯುವ ಹಾಗೆ ಸಹಿ ಒತ್ತಿದ. ಬೂಬ ಕಚೇರಿಯ ಕಡೆಗೆ ಓಡಿದ.

ಇಂಜಿನ್ ಬಂತು. ಆರಿಫಾಳ ಮಗ ಶಾಲೆಗೆ ಹೋಗುವಷ್ಟು ದೊಡ್ಡವನಾದ. ಅಂಜಲ್ ಮಾತ್ರ ಹಸನಬ್ಬನ ಮನೆಯ ಮೆಟ್ಟಿಲು ಹತ್ತಲಿಲ್ಲ. ಆದರೆ ದೋಣಿ ಕಟ್ಟುವ ಧಕ್ಕೆಯಲ್ಲಿ ತಡೆದು ಕೇಳಿದಾಗಲೆಲ್ಲ ಬೂಬ ಒಂದೇ ಒಂದು ಸುಳ್ಳು ಹೇಳಿದವನಲ್ಲ.

ಬೂಬ: ಸಿಕ್ಕಿತ್ತು ಸಾಹುಕಾರ್ರೇ. ಮಾರಿದೆ.